ಗಿಡಕ್ಕೆ ಮೊದಲು ಗುಂಡಿಗೆ ನೀರು ಹಾಕಿ ನೋಡಿದೆ

ಅದು ಮುಚ್ಚಿಹೋದ ಒಂದು ಕಾರ್ಖಾನೆಯ ಅಂಗಳ. ಸುತ್ತ ಹಳೆಯ ಮನೆಗಳು. ಆ ಜಾಗವನ್ನು ಮತ್ತೆ ಜನ ಓಡಾಡುವ ಹಾಗೆ ಮಾಡುವ ಕೆಲಸದಲ್ಲಿ ಹಸಿರಿನ ಭಾಗ ನನ್ನ ಪಾಲಿಗೆ ಬಂದಿತ್ತು. ನಕ್ಷೆಯಲ್ಲಿ ಎರಡು ಸಾಲು ಮರ, ನಡುವೆ ಹುಲ್ಲು, ಬೆಂಚುಗಳು. ಅದರಂತೆಯೇ ನೆಟ್ಟೆವು. ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧಕ್ಕರ್ಧ ಗಿಡ ಸತ್ತಿದ್ದವು.

ಒಂದು ಗಿಡವನ್ನು ಹಿಡಿದು ಎಳೆದೆ. ಕೈಗೇ ಬಂದುಬಿಟ್ಟಿತು. ಬೇರು ಗುಂಡಿಯ ಗೋಡೆವರೆಗೆ ಹೋಗಿ, ಮುಂದೆ ದಾರಿ ಸಿಗದೆ ಅಲ್ಲೇ ಸುತ್ತಿಕೊಂಡಿತ್ತು, ಕುಂಡದಲ್ಲಿ ಬೆಳೆದ ಹಾಗೆ. ತುದಿ ಕಪ್ಪಾಗಿ ಕೊಳೆತ ವಾಸನೆ. ನೀರಿಲ್ಲದೆ ಅಲ್ಲ, ನೀರು ನಿಂತು ಸತ್ತಿದ್ದವು. ವರ್ಷಗಟ್ಟಲೆ ಲಾರಿ ಓಡಾಡಿದ ನೆಲ ಅದು. ಮಣ್ಣಿನ ಕಣಗಳ ನಡುವಿನ ಸಂದುಗಳೆಲ್ಲ ಮುಚ್ಚಿಹೋಗಿದ್ದವು. ಗಾಳಿಗೂ ಜಾಗವಿಲ್ಲ, ನೀರಿಗೂ ಜಾಗವಿಲ್ಲ. ಗಿಡ ನೆಡುವ ಮೊದಲೇ ನಾನು ಇದನ್ನು ನೋಡಬೇಕಿತ್ತು. ಆ ಗಿಡಗಳ ಬಗ್ಗೆ ಇವತ್ತಿಗೂ ಬೇಜಾರಿದೆ.

ಎರಡನೇ ಸಲ ಹಾರೆ ಹಿಡಿದೇ ಶುರುಮಾಡಿದೆ. ಅಂಗಳದ ಆರು ಕಡೆ 30 ಸೆಂ.ಮೀ. ಆಳದ ಗುಂಡಿ ತೋಡಿ ನೀರು ತುಂಬಿದೆವು. ಅದು ಇಂಗಿದ ಮೇಲೆ ಇನ್ನೊಂದು ಸಲ ತುಂಬಿ ಅಳತೆ ಮಾಡಬೇಕು. ಒಣ ಮಣ್ಣು ಮೊದಲ ಸಲ ಆಸೆಯಿಂದ ಕುಡಿಯುತ್ತದೆ, ಅದನ್ನು ನಂಬಬಾರದು. ಲಾರಿ ನಿಲ್ಲುತ್ತಿದ್ದ ಕಡೆ ಮಾರನೇ ಬೆಳಿಗ್ಗೆ ನೋಡಿದರೆ ಎರಡು ಬೆರಳಷ್ಟು ಮಾತ್ರ ಇಳಿದಿತ್ತು. ಅಲ್ಲೇ ಇನ್ನೂ ಕೆಳಗೆ ಅಗೆದಾಗ ಗರಸು ಮಣ್ಣು ಸಿಕ್ಕಿತು. ಆ ಮಣ್ಣಲ್ಲಿ ನೀರು ಕೆಲವೇ ಗಂಟೆಗಳಲ್ಲಿ ಮಾಯ. ಗಟ್ಟಿ ಪದರ ಮೇಲೆ ಮಾತ್ರ ಇತ್ತು ಅಂತ ಗೊತ್ತಾದಾಗ ಆದ ಖುಷಿ ಅಷ್ಟಿಷ್ಟಲ್ಲ.

ಮಣ್ಣನ್ನು ಪರೀಕ್ಷೆಗೂ ಕಳಿಸಿದೆವು. ಒಂದು ಮೂಲೆಯಲ್ಲಿ ಸೀಸ ಜಾಸ್ತಿ ಬಂತು. ಅಂಥ ಕಡೆ ನೀರು ಇಂಗಿಸಿದರೆ ವಿಷ ಅಂತರ್ಜಲಕ್ಕೆ ಇಳಿಯಬಹುದು. ಈ ಸಲ ನಾವು ಮಾಡಲು ಹೊರಟಿದ್ದು ಇಂಗುವ ಪಾತಿ, ಅಂದರೆ ಮಳೆನೀರು ಬಂದು ನಿಂತು ನೆಲಕ್ಕೆ ಇಳಿಯುವ ತಗ್ಗು. ಆ ಮೂಲೆಗೆ ಅದು ಬೇಡವೇ ಬೇಡ ಅಂತ ಪಟ್ಟು ಹಿಡಿದೆ.

ಒಂದು ಸಭೆಯಲ್ಲಿ ಯಾರೋ ಸಿಯೋಲ್‌ನ ಚಿಯೊಂಗ್ಯೆಚಿಯೊನ್ ಹೊಳೆಯ ಚಿತ್ರ ತೋರಿಸಿ, ಹೀಗೆ ಮಾಡಿ ಅಂದರು. ಮೇಲ್ಸೇತುವೆ ರಸ್ತೆಯನ್ನೇ ಒಡೆದು 2005ರಲ್ಲಿ ಮತ್ತೆ ತೆರೆದ ಹೊಳೆ, ದೊಡ್ಡ ಸಾಹಸವೇ. ಆದರೆ ಅಲ್ಲಿ ಹರಿಯುವ ನೀರಲ್ಲಿ ಬಹುಪಾಲು ಹಾನ್ ನದಿಯಿಂದ ಪಂಪ್ ಮಾಡಿದ್ದು. ನಮ್ಮ ಅಂಗಳ ತನ್ನ ಮೇಲೆ ಬಿದ್ದ ಮಳೆಯಲ್ಲೇ ಬದುಕಬೇಕಿತ್ತು. ನನ್ನ ಮನಸ್ಸಲ್ಲಿ ಇದ್ದದ್ದು ಸಿಂಗಪುರದ ಬಿಶಾನ್ ಪಾರ್ಕ್. 2012ರ ಹೊತ್ತಿಗೆ ಅಲ್ಲಿ ಕಾಂಕ್ರೀಟ್ ಕಾಲುವೆ ಒಡೆದು ನದಿಯನ್ನು ಬಾಗಿ ಬಳುಕಿ ಹರಿಯಲು ಬಿಟ್ಟರು. ಜೋರು ಮಳೆಗೆ ನೀರು ಪಾರ್ಕಿನೊಳಗೇ ಹರಡಿಕೊಳ್ಳುತ್ತದೆ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್. ನಮ್ಮ ಚಾವಣಿ ಮತ್ತು ದಾರಿ ಸೇರಿ 400 ಚದರ ಮೀಟರ್. 25 ಮಿ.ಮೀ. ಮಳೆಗೆ 10,000 ಲೀಟರ್. 25 ಸೆಂ.ಮೀ. ತಗ್ಗಿನ 40 ಚದರ ಮೀಟರ್ ಪಾತಿ ಅಷ್ಟನ್ನೂ ಹಿಡಿಯುತ್ತದೆ. ಅದಕ್ಕಿಂತ ಜೋರು ಮಳೆಗೆ ಹೆಚ್ಚಾದ ನೀರು ಚರಂಡಿಗೆ ಹೋಗಲು ಒಂದು ಕಿಂಡಿ ಇಟ್ಟೆವು. ಗಟ್ಟಿ ಪದರ ಒಡೆದು, ಮರಳು ಮತ್ತು ಕಾಂಪೋಸ್ಟ್ ಬೆರೆಸಿದ ಮಣ್ಣು ತುಂಬಿದೆವು. ತಗ್ಗಿನ ನಡುವೆ ನೀರೂ ಬರವೂ ಎರಡನ್ನೂ ತಾಳುವ ಹುಲ್ಲುಗಳು, ಅಂಚಿನಲ್ಲಿ ಮರ.

ಮೊದಲ ಮಳೆಗೆ ಓಡಿಹೋಗಿ ನಿಂತೆ. ನೀರು ಪಾತಿಯ ಬಾಯಿ ದಾಟಿ ಸೀದಾ ಮುಂದೆ ಹೋಗುತ್ತಿತ್ತು! ದಾರಿಯ ಮಟ್ಟ, ಬಾಯಿಯ ಮಟ್ಟ ಎರಡೂ ಒಂದೇ ಆಗಿತ್ತು. ಮಾರನೇ ದಿನ ಬಾಯಿಯನ್ನು ಅಗಲ ಮಾಡಿ 5 ಸೆಂ.ಮೀ. ತಗ್ಗಿಸಿದೆವು. ಮಣ್ಣು ಕೊಚ್ಚಿಹೋಗದಂತೆ ಒಳಗೆ ಕಲ್ಲು ಹಾಸಿದೆವು. ಹೂಳೂ ಅಲ್ಲೇ ನಿಲ್ಲುತ್ತದೆ, ತೆಗೆಯೋದೂ ಸುಲಭ.

"ಇದು ಸೊಳ್ಳೆ ಸಾಕೋ ಗುಂಡಿ ಅಲ್ವಾ?" ಅಂತ ಪಕ್ಕದ ಮನೆಯ ಅಜ್ಜಿ ಕೇಳಿದರು. ಸರಿಯಾದ ಪ್ರಶ್ನೆ. ಮೊಟ್ಟೆಯಿಂದ ಸೊಳ್ಳೆ ಆಗೋಕೆ ಸುಮಾರು ಒಂದು ವಾರ ಬೇಕು, ಅಷ್ಟರೊಳಗೆ ನೀರು ಖಾಲಿಯಾಗಿರುತ್ತೆ ಅಂದೆ. ಅವರು ನಂಬಲಿಲ್ಲ. "ಮುಂದಿನ ಮಳೆಗೆ ನೀವೇ ನೋಡಿ ಅಜ್ಜಿ" ಅಂದು ಪಾತಿಯಲ್ಲಿ ಒಂದು ಅಳತೆಕೋಲು ನೆಟ್ಟೆ. ಜೋರು ಮಳೆ ಬಂದ ಮೂರನೇ ದಿನ ಅವರೇ ಫೋನ್ ಮಾಡಿದರು. "ನೀರಿಲ್ಲಪ್ಪ. ಆದ್ರೆ ಬಾಯಿ ಹತ್ರ ಎಲೆ ಕಟ್ಟಿಕೊಂಡಿದೆ, ಗುಡಿಸ್ಲಾ?"