ಬಾಗಿಲು ತೆರೆಯದ ಬ್ಲೂಸ್ ಮ್ಯೂಸಿಯಂಗೆ ನೆಂಟರನ್ನು ಕರೆದುಕೊಂಡು ಹೋದದ್ದು

ಮೊದಲ ಸಲ ಹೋದಾಗ ಕಾಕಾ ಕಾರಿನಿಂದ ಇಳಿಯಲೇ ಇಲ್ಲ. ಕಿಟಕಿಯ ಗಾಜು ಇಳಿಸಿ ಮನೆಯ ಕಡೆ ಒಮ್ಮೆ ನೋಡಿ, "ಅಲ್ಲವಾ, ಬರೇ ಮುಚ್ಚಿದ ಮನಿ ಐತಲ್ಲ. ಇದನ್ನ ನೋಡಾಕ ಇಷ್ಟ ದೂರ ಕರ್ಕೊಂಡ ಬಂದಿ?" ಎಂದರು. ಹಿಂದಿನ ಸೀಟಿನಲ್ಲಿದ್ದ ಕಾಕು ಏನೂ ಅನ್ನಲಿಲ್ಲ. ಐದು ನಿಮಿಷ ನಿಂತು ಹೊರಟುಬಿಟ್ಟೆವು. ದಾರಿಯುದ್ದಕ್ಕೂ ನನಗೆ ಅಳು ಬರುವಷ್ಟು ಬೇಜಾರಾಗಿತ್ತು. ಕಾಕಾನ ಮಾತಿನಲ್ಲಿ ತಪ್ಪಿರಲಿಲ್ಲ, ತೋರಿಸಿದ ರೀತಿಯೇ ತಪ್ಪಾಗಿತ್ತು.

ಆ ಮನೆ ಇರುವುದು ಶಿಕಾಗೊದ ಸೌತ್ ಸೈಡ್‌ನಲ್ಲಿ, ನಾರ್ತ್ ಕೆನ್‌ವುಡ್ ಅನ್ನುವ ಭಾಗದಲ್ಲಿ. ವಿಳಾಸ 4339, ಸೌತ್ ಲೇಕ್ ಪಾರ್ಕ್ ಅವೆನ್ಯೂ. ಎರಡಂತಸ್ತಿನ ಇಟ್ಟಿಗೆ ಮನೆ. ಬ್ಲೂಸ್ ಅಂದರೆ ಅಮೆರಿಕದ ದಕ್ಷಿಣದ ಕಪ್ಪು ಜನರ ನಡುವೆ ಹುಟ್ಟಿದ ಸಂಗೀತ. ಅದರ ಹೆಸರಾಂತ ಗಾಯಕ ಮಡ್ಡಿ ವಾಟರ್ಸ್ 1954ರಲ್ಲಿ ಈ ಮನೆಗೆ ಬಂದು, 1973ರಲ್ಲಿ ಹೆಂಡತಿ ಜಿನೀವಾ ತೀರಿಕೊಳ್ಳುವವರೆಗೂ ಇಲ್ಲೇ ಬಾಳಿದರು. ಇದನ್ನು ಮೋಜೊ ಎಂಬ ಹೆಸರಿನ ಮ್ಯೂಸಿಯಂ ಮಾಡಬೇಕೆಂದು ಅವರ ಮರಿಮೊಮ್ಮಗಳು ವರ್ಷಗಳಿಂದ ಓಡಾಡುತ್ತಿದ್ದಾರೆ. ಒಂದು ಕಾಲಕ್ಕೆ ಈ ಮನೆಯ ಮುಂದೆ ದೊಡ್ಡ ಕೆಂಪು ಎಕ್ಸ್ ಗುರುತು ಇತ್ತು. ಕಟ್ಟಡ ಗಟ್ಟಿಯಿಲ್ಲ, ಬೆಂಕಿ ಬಿದ್ದರೂ ಒಳಗೆ ನುಗ್ಗುವ ಮುಂಚೆ ಯೋಚಿಸಿ ಎಂದು ಅಗ್ನಿಶಾಮಕ ದಳದವರಿಗೆ ಹೇಳುವ ಗುರುತು ಅದು. ಅಂಥ ಮನೆ 2021ರಲ್ಲಿ ನಗರದ ಅಧಿಕೃತ ಸ್ಮಾರಕವಾಯಿತು. ನಾನು ಇದನ್ನು ಬರೆಯುವ ಹೊತ್ತಿಗೂ ಬಾಗಿಲು ತೆರೆದಿಲ್ಲ.

ನಾನು ಧಾರವಾಡದವಳು. ವಾರವೆಲ್ಲ ಲೆಕ್ಕಪತ್ರದ ಕೆಲಸ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಊರಿಂದ ಯಾರಾದರೂ ಬಂದೇ ಇರುತ್ತಾರೆ. ನಮ್ಮವರು, ಇಲ್ಲವೇ ಗೆಳತಿಯರ ಅಪ್ಪ-ಅಮ್ಮ. ನೋಡುವ ಜಾಗಗಳ ಪಟ್ಟಿ ಎಲ್ಲರದೂ ಒಂದೇ: ಎತ್ತರದ ಟವರ್, ಬೀನ್ ಎಂಬ ಹೊಳೆಯುವ ಲೋಹದ ಶಿಲ್ಪ, ಸರೋವರದ ದೋಣಿ, ಲೆಮಾಂಟ್‌ನ ದೇವಸ್ಥಾನ, ಆಮೇಲೆ 1893ರಲ್ಲಿ ವಿವೇಕಾನಂದರು ಮಾತಾಡಿದ ಆರ್ಟ್ ಇನ್‌ಸ್ಟಿಟ್ಯೂಟ್. ಆರ್ಟ್ ಇನ್‌ಸ್ಟಿಟ್ಯೂಟ್‌ನಿಂದ ಸ್ವಲ್ಪ ನಡೆದರೆ ಸ್ಟೇಟ್ ಸ್ಟ್ರೀಟ್‌ನಲ್ಲಿ ಮಡ್ಡಿ ವಾಟರ್ಸ್ ಅವರ ಚಿತ್ರ ಒಂದಿಡೀ ಕಟ್ಟಡದ ಗೋಡೆ ತುಂಬ ನಿಂತಿದೆ. ಬ್ರೆಜಿಲ್‌ನ ಕಲಾವಿದ ಎಡುವಾರ್ಡೊ ಕೋಬ್ರಾ 2016ರಲ್ಲಿ ಬಿಡಿಸಿದ್ದು, ಹತ್ತಂತಸ್ತಿನ ಎತ್ತರ. ಎಲ್ಲರೂ ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅವರು ಯಾರು ಎಂದು ಕೇಳಿದವರು ಕಡಿಮೆ. ಇಷ್ಟು ದೊಡ್ಡ ಮುಖ ಇಲ್ಲಿದ್ದರೂ ಅವರ ಮನೆ ಯಾರಿಗೂ ಗೊತ್ತಿಲ್ಲವಲ್ಲ ಎಂಬ ಸಂಕಟದಿಂದಲೇ ನನ್ನ ಈ ಓಡಾಟ ಶುರುವಾದದ್ದು.

ಕಾಕಾ ಹಾಗೆ ಅಂದ ಮೇಲೆ ತಿಂಗಳುಗಟ್ಟಲೆ ಯೋಚಿಸಿದೆ. ಮನೆಯನ್ನು ಮೊದಲು ತೋರಿಸಬಾರದು, ಕೊನೆಗೆ ತೋರಿಸಬೇಕು ಅನ್ನುವುದು ಹೊಳೆಯಿತು. ಕಿವಿ ಸಿದ್ಧವಾಗದೆ ಇಟ್ಟಿಗೆ ಗೋಡೆ ಏನನ್ನೂ ಹೇಳುವುದಿಲ್ಲ. ಈಗ ನಾನು ಹೊರಡಿಸುವುದು ಶನಿವಾರ ಬೆಳಿಗ್ಗೆ, ನಾಷ್ಟಾ ಮುಗಿಸಿ. ಒಂದು ಚೀಲದಲ್ಲಿ ಮೌತ್ ಆರ್ಗನ್, ಬ್ಯಾಟರಿಯ ಪುಟ್ಟ ಆಂಪ್ಲಿಫೈಯರ್, ಅಗ್ಗದ ಒಂದು ಮೈಕು. ಇನ್ನೊಂದರಲ್ಲಿ ನೀರು, ಚಕ್ಕುಲಿ.

ಮೊದಲು ನಿಲ್ಲುವುದು ಮಾರ್ಟಿನ್ ಲೂಥರ್ ಕಿಂಗ್ ಡ್ರೈವ್‌ನಲ್ಲಿ, 26ನೇ ಬೀದಿಯ ಹತ್ತಿರದ ಕಂಚಿನ ಪ್ರತಿಮೆಯ ಬಳಿ. ಕಲಾವಿದೆ ಆಲಿಸನ್ ಸಾರ್ 1990ರ ದಶಕದಲ್ಲಿ ಮಾಡಿದ್ದು. ದೂರದಿಂದ ನೋಡಿದರೆ ಸೂಟು ಹಾಕಿಕೊಂಡ ಒಬ್ಬ ಮನುಷ್ಯ, ಉತ್ತರಕ್ಕೆ ಮುಖ ಮಾಡಿ ಕೈ ಎತ್ತಿದ್ದಾನೆ. ಹತ್ತಿರ ಹೋಗಿ, ಅವನ ಸೂಟನ್ನು ಮುಟ್ಟಿ ನೋಡಿ ಎಂದು ನಾನು ಹೇಳುತ್ತೇನೆ. ಸೂಟೆಲ್ಲ ಸವೆದ ಬೂಟಿನ ಅಟ್ಟೆಗಳು. ತೋಳು, ಎದೆ, ಕಾಲು, ಎಲ್ಲ ಕಡೆ ಅಟ್ಟೆಯ ಮೇಲೆ ಅಟ್ಟೆ, ಕೆಲವದರಲ್ಲಿ ತೂತು. ಪಕ್ಕದ ಸೂಟ್‌ಕೇಸಿಗೆ ಹಗ್ಗ ಬಿಗಿದಿದೆ. ಮಿಸಿಸಿಪ್ಪಿ, ಅಲಬಾಮಾ, ಜಾರ್ಜಿಯಾದ ಹತ್ತಿ ಹೊಲಗಳಿಂದ, ಗೇಣಿಯ ಸಾಲದಿಂದ, ಬಿಳಿಯರ ಗುಂಪು ಹಿಂಸೆಯಿಂದ ತಪ್ಪಿಸಿಕೊಂಡು 1910ರ ದಶಕದಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣ ಬಿಟ್ಟು ಬಂದರು. ಈ ಪ್ರತಿಮೆ ಅವರ ನೆನಪಿಗೆ. ಶಿಕಾಗೊದಲ್ಲಿ 1910ರಲ್ಲಿ ಅವರ ಸಂಖ್ಯೆ 44 ಸಾವಿರದಷ್ಟಿತ್ತು, 1950ಕ್ಕೆ ಐದು ಲಕ್ಷದ ಹತ್ತಿರಕ್ಕೆ ಬಂತು. ಮಡ್ಡಿ ವಾಟರ್ಸ್ ರೈಲು ಹತ್ತಿ ಬಂದಿಳಿದದ್ದು 1943ರಲ್ಲಿ. ಕಾಗದದ ಕಾರ್ಖಾನೆಯಲ್ಲಿ ದುಡಿದರು, ಲಾರಿ ಓಡಿಸಿದರು, ರಾತ್ರಿ ಹಾಡಿದರು.

ಈ ಲೆಕ್ಕವನ್ನೆಲ್ಲ ನಾನು ಹೇಳುವ ಮುಂಚೆಯೇ ಕಾಕು ಆ ಹಗ್ಗದ ಮೇಲೆ ಬೆರಳಾಡಿಸುತ್ತ, "ನಮ್ಮ ಇಳಕಲ್ ಕಡೆ ಮಂದಿ ಬರಗಾಲದಾಗ ಗೋವಾಕ್ಕ ಹೊಂಟಂಗ ಐತಿ ನೋಡು, ಹಿಂಗ ಕಟ್ಟತಾರ ಗಂಟು" ಎಂದರು. ಅದು ಅವರು ಎರಡನೇ ಸಲ ಬಂದಾಗ. ಮುಂದಿನ ಅರ್ಧ ಗಂಟೆ ನಾನು ಹೇಳುವುದೇ ಬೇಕಾಗಲಿಲ್ಲ.

ಅಲ್ಲಿಂದ ಗ್ರೀನ್ ಲೈನ್ ರೈಲು ತಲೆಯ ಮೇಲೆ ಹಾದುಹೋಗುವ ಒಂದು ಮೂಲೆಗೆ ಹೋಗುತ್ತೇವೆ. ಇಲ್ಲಿ ನನ್ನ ಚೀಲ ಬಿಚ್ಚುತ್ತೇನೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಜನ ಕೊನೆಗೆ ನೆನಪಿಟ್ಟುಕೊಳ್ಳುವುದು ಇದನ್ನೇ.

ಸಿ ಶ್ರುತಿಯ ಹತ್ತು ತೂತಿನ ಮೌತ್ ಆರ್ಗನ್ ಅದು. ಬ್ಲೂಸ್‌ನವರು ಅದನ್ನು ಸಿ ಶ್ರುತಿಗೆ ನುಡಿಸುವುದು ಕಡಿಮೆ, ಜಿ ಶ್ರುತಿಗೆ ನುಡಿಸುವುದೇ ಹೆಚ್ಚು. ಊದುವುದಕ್ಕಿಂತ ಉಸಿರು ಒಳಗೆ ಎಳೆಯುವುದು ಜಾಸ್ತಿ. ಎರಡನೇ ತೂತಿನಲ್ಲಿ ಎಳೆದರೆ ಷಡ್ಜ. ಮೂರನೆಯದರಲ್ಲಿ ಎಳೆದರೆ ಶುದ್ಧ ಗಾಂಧಾರ. ಅದೇ ಮೂರನೇ ತೂತಿನಲ್ಲಿ, ನಾಲಿಗೆಯನ್ನು ಹಿಂದಕ್ಕೆ ಸರಿಸಿ ಬಾಯೊಳಗಿನ ಜಾಗ ದೊಡ್ಡದು ಮಾಡಿ ಎಳೆದರೆ ಸ್ವರ ಬಗ್ಗುತ್ತದೆ, ಕೋಮಲ ಗಾಂಧಾರದ ಕಡೆ ಜಾರುತ್ತದೆ. ಪೂರ್ತಿ ಜಾರಲು ಬಿಡದೆ ನಡುವೆ ಹಿಡಿದು ನಿಲ್ಲಿಸಿದರೆ ಶುದ್ಧವೂ ಅಲ್ಲದ ಕೋಮಲವೂ ಅಲ್ಲದ ಒಂದು ಗಾಂಧಾರ ಕೇಳುತ್ತದೆ. ಬ್ಲೂಸ್ ಮನೆ ಮಾಡಿಕೊಂಡಿರುವುದು ಆ ಸಂದಿಯಲ್ಲಿ. ನನಗೆ ಅದು ಸರಿಯಾಗಿ ಹಿಡಿತಕ್ಕೆ ಬರಲು ಎಂಟು ತಿಂಗಳು ಬೇಕಾಯಿತು. ಕಾಕಾ ಬದುಕೆಲ್ಲ ಹಿಂದೂಸ್ತಾನಿ ಸಂಗೀತದ ಬೈಠಕ್ ಕೇಳಿ ಬೆಳೆದವರು. ಒಮ್ಮೆ ಕೇಳಿದ ಕೂಡಲೇ, "ಪೇಟಿಯೊಳಗ ಇದು ಸಿಗಂಗಿಲ್ಲ. ಸಾರಂಗಿಯವ ಹಿಡೀತಾನ" ಎಂದರು. ಹೌದು, ಹಾರ್ಮೋನಿಯಂನಲ್ಲಿ ಸಿಗದು, ಗಿಟಾರಿನವರು ಬೆರಳಿಗೆ ಬಾಟಲಿಯ ಕುತ್ತಿಗೆ ಸಿಕ್ಕಿಸಿಕೊಂಡು ತಂತಿಯ ಮೇಲೆ ಜಾರಿಸುವುದೂ ಇದಕ್ಕೇ ಎಂದೆ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಗೊತ್ತಿರುವವರಿಗೆ ಬ್ಲೂಸ್ ಪರಿಚಯ ಮಾಡಿಕೊಡುವುದು ನಾನು ಅಂದುಕೊಂಡಿದ್ದಕ್ಕಿಂತ ಸುಲಭ.

ಆಮೇಲೆ ರೈಲು ಬರುವುದನ್ನು ಕಾಯುತ್ತೇನೆ. ರೈಲು ಬಂದಾಗ ಅದೇ ನಾಲ್ಕು ಸ್ವರ ನುಡಿಸಿದರೆ ಪಕ್ಕದವರಿಗೂ ಕೇಳುವುದಿಲ್ಲ. ಮಿಸಿಸಿಪ್ಪಿಯ ಹೊಲದ ನಡುವಿನ ಗುಡಿಸಲಲ್ಲಿ ಸಾಕಾಗುತ್ತಿದ್ದ ದನಿ ಈ ಊರಿನ ಗದ್ದಲದಲ್ಲಿ ಮುಳುಗಿಹೋಗುತ್ತಿತ್ತು. ಮುಂದಿನ ರೈಲಿಗೆ ಮೈಕು ತೆಗೆಯುತ್ತೇನೆ. ಮೈಕು, ಮೌತ್ ಆರ್ಗನ್ ಎರಡನ್ನೂ ಸೇರಿಸಿ ಎರಡು ಅಂಗೈಯೊಳಗೆ ಗಾಳಿ ಆಡದಂತೆ ಬಿಗಿಯಾಗಿ ಮುಚ್ಚಿ ಹಿಡಿಯಬೇಕು. ಸಂದು ಬಿಟ್ಟರೆ ದನಿ ತೆಳ್ಳಗಾಗುತ್ತದೆ. ಸರಿಯಾಗಿ ಕೂತರೆ ಅಂಗೈ ಅದುರುತ್ತದೆ, ಬೆರಳುದ್ದದ ಆ ವಾದ್ಯ ಸ್ಯಾಕ್ಸೋಫೋನ್ ಹಾಗೆ ದಪ್ಪಗೆ ಕೂಗುತ್ತದೆ. ಮಡ್ಡಿಯವರ ತಂಡದಲ್ಲಿದ್ದ ಲಿಟ್ಲ್ ವಾಲ್ಟರ್ 1950ರ ದಶಕದ ಆರಂಭದಲ್ಲಿ ಈ ದನಿಯನ್ನು ಹೀಗೆಯೇ ಮೊಳಗಿಸಿದರು. ಮಡ್ಡಿ ಎಲೆಕ್ಟ್ರಿಕ್ ಗಿಟಾರ್ ಹಿಡಿದದ್ದೂ ಗದ್ದಲದ ಬಾರುಗಳಲ್ಲಿ ಕೇಳಿಸಲೆಂದು. ಮ್ಯಾಕ್ಸ್‌ವೆಲ್ ಸ್ಟ್ರೀಟ್ ಸಂತೆಯಲ್ಲಿ ಹಾಡುವವರು ಪಕ್ಕದ ಮನೆಗಳಿಂದ ವೈರು ಎಳೆದುಕೊಂಡು ಆಂಪ್ಲಿಫೈಯರ್ ಹಚ್ಚುತ್ತಿದ್ದರು. ಆ ಸಂತೆಯನ್ನು 1994ರಲ್ಲಿ ಅಲ್ಲಿಂದ ಎಬ್ಬಿಸಿದರು, ಈಗ ನೋಡಲು ಏನೂ ಉಳಿದಿಲ್ಲ. ಅದಕ್ಕೇ ಉಳಿದ ಒಂದು ಮನೆಯ ಬಗ್ಗೆ ನನಗೆ ಇಷ್ಟು ಕಕ್ಕುಲಾತಿ.

2120, ಸೌತ್ ಮಿಷಿಗನ್ ಅವೆನ್ಯೂ ಹತ್ತಿರದಲ್ಲೇ ಇದೆ. ಮಡ್ಡಿಯವರ ಹಾಡುಗಳನ್ನು ಹೊರತಂದ ಚೆಸ್ ರೆಕಾರ್ಡ್ಸ್ ಕಂಪನಿ ಇದ್ದ ಕಟ್ಟಡ. ಚೆಸ್‌ಗೆ ಎಷ್ಟೋ ಹಾಡು ಬರೆದುಕೊಟ್ಟ ವಿಲ್ಲಿ ಡಿಕ್ಸನ್ ಅವರ ಹೆಂಡತಿ ಇದನ್ನು 1993ರಲ್ಲಿ ಕೊಂಡರು. ಡಿಕ್ಸನ್ ಕಟ್ಟಿದ ಬ್ಲೂಸ್ ಹೆವನ್ ಪ್ರತಿಷ್ಠಾನ ಈಗ ನಡೆಸುತ್ತಿದೆ. ಒಳಗೆ ಹೋಗಿ ನೋಡಬಹುದು, ಮೇಲಿನ ಸ್ಟುಡಿಯೊಗೆ ಹತ್ತಬಹುದು. ಹುಡುಗರು ಜೊತೆಗಿದ್ದರೆ, ರೋಲಿಂಗ್ ಸ್ಟೋನ್ಸ್ ಎಂಬ ರಾಕ್ ತಂಡ ಇಂಗ್ಲೆಂಡಿನಿಂದ 1964ರಲ್ಲಿ ಬಂದು ಇಲ್ಲೇ ರೆಕಾರ್ಡ್ ಮಾಡಿತು, ಆ ತಂಡದ ಹೆಸರೇ ಮಡ್ಡಿಯವರ ಒಂದು ಹಾಡಿನಿಂದ ಬಂದದ್ದು ಎಂದರೆ ಸಾಕು, ಫೋನು ಜೇಬಿಗೆ ಹೋಗುತ್ತದೆ. ಯಾವ ರೆಕಾರ್ಡ್ ಯಾವ ವರ್ಷ ಎಂದು ನಾನು ಮೊದಮೊದಲು ಪಟ್ಟಿ ಒಪ್ಪಿಸುತ್ತಿದ್ದೆ. ಬಿಟ್ಟುಬಿಟ್ಟೆ.

ಕಾಕಾನಿಗೆ ಹಿಡಿಸಿದ್ದು ಬೇರೆ ಸಂಗತಿ. 1955ರಲ್ಲಿ ಸೇಂಟ್ ಲೂಯಿಸ್‌ನಿಂದ ಬಂದ ಚಕ್ ಬೆರಿ ಎಂಬ ಗಾಯಕನನ್ನು ಕಂಪನಿಯ ಒಡೆಯ ಲಿಯೊನಾರ್ಡ್ ಚೆಸ್ ಹತ್ತಿರ ಹೋಗಲು ಹೇಳಿದ್ದು ಮಡ್ಡಿ ವಾಟರ್ಸ್. ಮುಂದೆ ಆತ ಚೆಸ್‌ಗಾಗಿ ಹಾಡಿದ ಒಂದು ಹಾಡು 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಜೊತೆ ಚಿನ್ನದ ಲೇಪದ ತಟ್ಟೆಯಲ್ಲಿ ಆಕಾಶಕ್ಕೆ ಹೋಯಿತು. ಅದೇ ತಟ್ಟೆಯಲ್ಲಿ ಬ್ಲೈಂಡ್ ವಿಲ್ಲಿ ಜಾನ್ಸನ್ ಅವರ ಸ್ಲೈಡ್ ಗಿಟಾರ್ ಇದೆ, ಕೇಸರ್‌ಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ಕೇಸರ್‌ಬಾಯಿ ಅಂದ ಕೂಡಲೇ ಕಾಕಾ ನಿಂತುಬಿಟ್ಟರು. ಅಲ್ಲಾದಿಯಾ ಖಾನರ ಶಿಷ್ಯೆ, ನಮ್ಮ ಮಲ್ಲಿಕಾರ್ಜುನ ಮನ್ಸೂರರದ್ದೇ ಘರಾಣೆ. "ನಮ್ಮ ಮನ್ಸೂರರ ಮನಿ ಅಂದ್ರ ಒಳಗ ಹೋಗಿ ಕೂಡಬಹುದು, ತಂಬೂರಿ ನೋಡಬಹುದು" ಎಂದು ಶುರುಮಾಡಿದವರು ಧಾರವಾಡದ ಮೃತ್ಯುಂಜಯ ಮನೆಯ ಕತೆಯನ್ನು ಕಾರು ಲೇಕ್ ಪಾರ್ಕ್ ಅವೆನ್ಯೂ ಮುಟ್ಟುವವರೆಗೂ ಹೇಳಿದರು.

ಇನ್ನೊಂದು ಮಾತು. ಸೌತ್ ಸೈಡ್‌ಗೆ ಹೋಗಬೇಡಿ ಎಂದು ಉಪನಗರಗಳಲ್ಲಿರುವ ನಮ್ಮವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ. ನಾನೂ ಹಾಗೆ ನಂಬಿ ಒಂಬತ್ತು ವರ್ಷ ಈ ಕಡೆ ಕಾಲಿಟ್ಟಿರಲಿಲ್ಲ. ಆ ಹೆದರಿಕೆಯೇ ಈ ಬಡಾವಣೆಗಳಿಗೆ ಅಂಟಿದ ಕಳಂಕ. ಹಗಲು ಹೊತ್ತು ಹೋಗುತ್ತೇನೆ, ಇಳಿಯುತ್ತೇನೆ, ಎದುರಾದವರಿಗೆ ನಮಸ್ಕಾರ ಹೇಳುತ್ತೇನೆ. ಅಕ್ಕಪಕ್ಕದ ಮನೆಗಳ ಜಗುಲಿಯ ಫೋಟೊ ತೆಗೆಯಬೇಡಿ, ದನಿ ಎತ್ತಬೇಡಿ ಎಂದು ನೆಂಟರಿಗೆ ಮೊದಲೇ ಹೇಳಿರುತ್ತೇನೆ. ಅದು ಜನ ಬದುಕುವ ಬೀದಿ. 2021ರ ಆರಂಭದಲ್ಲಿ ಇಂಥ ಮನೆಗಳನ್ನು ಮ್ಯೂಸಿಯಂ ಮಾಡುವುದಕ್ಕೆ ಕಡಿವಾಣ ಹಾಕುವ ಪ್ರಸ್ತಾವ ನಗರಸಭೆಯಲ್ಲಿ ಬಂದು, ವಿರೋಧ ಎದ್ದು ಬಿದ್ದುಹೋಯಿತು. ಬಿದ್ದದ್ದು ಒಳ್ಳೆಯದೇ ಆಯಿತು. ಆದರೆ ಬಸ್ಸು, ಪಾರ್ಕಿಂಗ್, ಗದ್ದಲದ ಬಗ್ಗೆ ನೆರೆಯವರಿಗಿರುವ ಚಿಂತೆ ಸುಳ್ಳಲ್ಲ. ಅದಕ್ಕೇ ನಾನು ಒಮ್ಮೆಗೆ ನಾಲ್ಕು ಜನರಿಗಿಂತ ಹೆಚ್ಚು ಕರೆದೊಯ್ಯುವುದಿಲ್ಲ.

2017ರಲ್ಲಿ ಡೌನ್‌ಟೌನ್‌ನಲ್ಲಿ, ಪ್ರವಾಸಿಗರು ಓಡಾಡುವ ಜಾಗದಲ್ಲೇ, ಒಂದು ದೊಡ್ಡ ಬ್ಲೂಸ್ ಮ್ಯೂಸಿಯಂ ಮಾಡುವುದಾಗಿ ಪ್ರಕಟವಾಗಿತ್ತು. 2019ಕ್ಕೆ ತೆರೆಯಬೇಕಿತ್ತು, ತೆರೆಯಲಿಲ್ಲ. ಅದು ಆಗಿದ್ದರೆ ಬೀನ್ ನೋಡಲು ಬಂದವರು ಹಾಗೇ ಒಳಗೆ ಹೊಕ್ಕು ಬರುತ್ತಿದ್ದರು, ಅದೂ ಬೇಕಾದದ್ದೇ. ಆದರೂ ನನ್ನನ್ನು ಕೇಳಿದರೆ ಮೊದಲು ದುಡ್ಡು ಹೋಗಬೇಕಾದದ್ದು ಈ ಮನೆಗೆ. ಮಿಸಿಸಿಪ್ಪಿಯಲ್ಲಿ ಮಡ್ಡಿ ಇದ್ದ ಮರದ ಗುಡಿಸಲು ಈಗ ಕ್ಲಾರ್ಕ್ಸ್‌ಡೇಲ್‌ನ ಡೆಲ್ಟಾ ಬ್ಲೂಸ್ ಮ್ಯೂಸಿಯಂ ಒಳಗಿದೆ. ಎತ್ತಿ ತಂದು ಇಟ್ಟದ್ದು. ಶಿಕಾಗೊದ ಮನೆ ಮಾತ್ರ ಇದ್ದಲ್ಲೇ ಇದೆ. ಮೂಲೆಯಲ್ಲಿ 43ನೇ ಬೀದಿ, ಅದಕ್ಕೆ 1985ರಿಂದ ಮಡ್ಡಿ ವಾಟರ್ಸ್ ಡ್ರೈವ್ ಎಂಬ ಗೌರವದ ಹೆಸರು. ಎಲ್ಲಿಂದಲೋ ಬಂದ ಸಂಗೀತಗಾರರು ಇಳಿದುಕೊಳ್ಳುತ್ತಿದ್ದ ಮನೆ ಇದು. ಪಿಯಾನೊ ನುಡಿಸುತ್ತಿದ್ದ ಓಟಿಸ್ ಸ್ಪ್ಯಾನ್ ನೆಲಮಾಳಿಗೆಯಲ್ಲೇ ವಾಸ. ತಂಡದ ತಾಲೀಮು ನಡೆಯುತ್ತಿದ್ದದ್ದೂ ಅಲ್ಲೇ. ಹೊಸ ಯೋಜನೆಯಲ್ಲಿ ಆ ನೆಲಮಾಳಿಗೆಯನ್ನು ರೆಕಾರ್ಡಿಂಗ್ ಸ್ಟುಡಿಯೊ ಮಾಡಿ ಓಣಿಯ ಹುಡುಗರಿಗೂ ಬಿಡಬೇಕೆಂದಿದೆ. ಗಾಜಿನ ಪೆಟ್ಟಿಗೆಯ ಗಿಟಾರಿಗಿಂತ ಅದಕ್ಕಾಗಿ ನಾನು ಕಾಯುತ್ತಿದ್ದೇನೆ.

ಎರಡನೇ ಸಲ ಕಾಕಾ ನಾನು ಕಾರು ನಿಲ್ಲಿಸುವ ಮುಂಚೆಯೇ ಬಾಗಿಲು ತೆಗೆದರು. ಮನೆಯ ಎದುರಿನ ಕಾಲುದಾರಿಯಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತರು. ಬಾಗಿಲು ಆ ದಿನವೂ ಮುಚ್ಚಿತ್ತು.

"ತಾಲೀಮು ಯಾವ ಕಡೆ ಅಂದಿ?"

"ಕೆಳಗ, ಕಾಕಾ. ನೆಲಮಾಳಿಗ್ಯಾಗ."

ಸ್ವಲ್ಪ ಬಗ್ಗಿ ಮನೆಯ ಬುಡದ ಕಡೆ ನೋಡಿದರು. ನಾನು ಫೋನಿನಲ್ಲಿ ಮಡ್ಡಿಯವರ ಒಂದು ರೆಕಾರ್ಡ್ ಹಚ್ಚಿ, ನೆರೆಯವರಿಗೆ ಕೇಳದಷ್ಟು ಸಣ್ಣಗೆ ಮಾಡಿ, ಅವರ ಕಿವಿಯ ಹತ್ತಿರ ಹಿಡಿದೆ. ಗಾಂಧಾರ ಬಂದಲ್ಲೆಲ್ಲ ಅವರ ಬಲಗೈ ತಾನೇ ಎದ್ದು ಸ್ವರದ ಜೊತೆ ಇಳಿಯುತ್ತಿತ್ತು. ಕಾಕು ಗಡಿಯಾರ ನೋಡಿ ಹಸಿವೆ ಎಂದರು. ನಲವತ್ತು ನಿಮಿಷ ಆಗಿತ್ತು. "ಇನ್ನೊಂದ ಹಚ್ಚು" ಎಂದರು ಕಾಕಾ.