ಸೆಪ್ಟೆಂಬರ್ ಲೆಕ್ಕ ಕೊನೆಗೂ ಕೂಡಿಬಂತು

"ಮೊದಲ ನಾಲ್ಕು ವಾರ ಬೆಟ್ ಹಾಕೋದು ಅಂದ್ರೆ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಅಕ್ಟೋಬರ್‌ವರೆಗೂ ಸುಮ್ನೆ ಕೂತ್ಕೋ ಗುರು." ಸಿನ್ಸಿನಾಟಿಯಲ್ಲಿರುವ ನನ್ನ ಮೈಸೂರಿನ ಗೆಳೆಯ ಅಮೆರಿಕನ್ ಕಾಲೇಜ್ ಫುಟ್‌ಬಾಲ್ ಬೆಟ್ಟಿಂಗ್ ಬಗ್ಗೆ ನಾಲ್ಕು ವರ್ಷ ಇದೇ ಮಾತು ಹೇಳಿದ. ತಂಡಗಳ ಬಲ ಅಳೆಯುವ ಅವನ ಮಾಡೆಲ್ ಅಕ್ಟೋಬರ್ ನಂತರ ನನ್ನದಕ್ಕಿಂತ ಚೆನ್ನಾಗಿದೆ, ಅದನ್ನು ಒಪ್ಪುತ್ತೇನೆ. ಆದರೆ ಸೀಸನ್ ಶುರುವಿನ ಕಾಲೇಜ್ ಫುಟ್‌ಬಾಲ್‌ನಲ್ಲಿ ಲೆಕ್ಕವೇ ಇಲ್ಲ, ಬರೀ ಅದೃಷ್ಟ ಅನ್ನುತ್ತಿದ್ದನಲ್ಲ, ಅದನ್ನು ನಾನು ಒಪ್ಪಲೇ ಇಲ್ಲ.

ಈಗ ಎರಡು ಸೀಸನ್ ಆಯಿತು. 2024ರಲ್ಲಿ ಆಗಸ್ಟ್ ಕೊನೆಯಿಂದ ನಾಲ್ಕನೇ ವಾರದವರೆಗೆ 58 ಬೆಟ್, 34 ಗೆಲುವು. 2025ರಲ್ಲಿ 64ಕ್ಕೆ 36. ನೆನಪಿನಿಂದ ಬರೆಯುತ್ತಿದ್ದೇನೆ, ಒಂದೆರಡು ಆಚೀಚೆ ಇರಬಹುದು. ಮೈನಸ್ 110 ದರದಲ್ಲಿ (110 ಕಟ್ಟಿದರೆ 100 ಗೆಲ್ಲುವ ದರ) ಶೇಕಡಾ 52.4 ದಾಟಿದರೆ ಮಾತ್ರ ಉಳಿವು ಅನ್ನೋದು ನಿಮಗೆಲ್ಲ ಗೊತ್ತೇ ಇದೆ. 122 ಬೆಟ್ ಸಣ್ಣ ಸ್ಯಾಂಪಲ್ ಅನ್ನೋದೂ ಗೊತ್ತು. ಆದರೂ ನಾಲ್ಕು ವರ್ಷ ಕೈ ಸುಟ್ಟುಕೊಂಡವನಿಗೆ ಇದು ಸಣ್ಣ ವಿಷಯ ಅಲ್ಲ.

ಮೊದಲು ಕೈ ಸುಟ್ಟುಕೊಂಡ ಕಥೆ ಹೇಳುತ್ತೇನೆ, ವಿಧಾನ ಹುಟ್ಟಿದ್ದೇ ಅಲ್ಲಿ.

2019ರಲ್ಲಿ ಹಿಂದಿನ ವರ್ಷದ ರೇಟಿಂಗನ್ನೇ ಸ್ವಲ್ಪ ಸರಾಸರಿ ಕಡೆಗೆ ಎಳೆದು ಬಳಸಿದೆ. ಆಗ ನಾವಿರುವ ಓಹಾಯೋದಲ್ಲಿ ಬೆಟ್ಟಿಂಗ್ ಇನ್ನೂ ಕಾನೂನುಬದ್ಧ ಆಗಿರಲಿಲ್ಲ. ಇದ್ದದ್ದು ಎಲ್ಲರೂ ದುಡ್ಡು ಸೇರಿಸಿ ಗೆಲ್ಲುವ ತಂಡ ಊಹಿಸುವ ಆಫೀಸಿನ ಪೂಲ್ ಮಾತ್ರ: 22 ಜನ, ತಲೆಗೆ 40 ಡಾಲರ್. ಮೊದಲ ಶನಿವಾರವೇ ಟೆನ್ನೆಸ್ಸಿ ತನ್ನ ಸ್ವಂತ ಮೈದಾನದಲ್ಲಿ ಜಾರ್ಜಿಯಾ ಸ್ಟೇಟ್‌ಗೆ 38-30ರಲ್ಲಿ ಸೋತಿತು. ನಾನು ಟೆನ್ನೆಸ್ಸಿಗೆ ದೊಡ್ಡ ಅಂಕವನ್ನೇ ಕಟ್ಟಿದ್ದೆ. 2020ನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕೋವಿಡ್‌ನಿಂದ ಬಿಗ್ ಟೆನ್ ಲೀಗ್ ಅಕ್ಟೋಬರ್ ಕೊನೆಯಲ್ಲಿ ಶುರುವಾದ ವರ್ಷ ಅದು.

2021ರಲ್ಲಿ ರಿಟರ್ನಿಂಗ್ ಪ್ರೊಡಕ್ಷನ್ (ಹಿಂದಿನ ವರ್ಷ ಆಡಿದವರಲ್ಲಿ ಶೇಕಡಾ ಎಷ್ಟು ಪಾಲು ತಂಡದಲ್ಲೇ ಉಳಿದಿದೆ ಅನ್ನೋ ಲೆಕ್ಕ) ಸೇರಿಸಿದೆ, ಅಲ್ಲೂ ಬಿದ್ದೆ. ಕೋವಿಡ್ ಕಾರಣಕ್ಕೆ ಎಲ್ಲ ಆಟಗಾರರಿಗೂ ಒಂದು ವರ್ಷ ಹೆಚ್ಚಿಗೆ ಸಿಕ್ಕಿತ್ತಲ್ಲ, ಹಾಗಾಗಿ ಎಲ್ಲ ತಂಡದ ಶೇಕಡಾವಾರೂ ಮೇಲಕ್ಕೆ ಹೋಗಿತ್ತು. ನನ್ನ ಲೆಕ್ಕದ ಶೀಟ್ ನೋಡಿದರೆ ಎಲ್ಲರೂ ಸುಧಾರಿಸಿದ್ದಾರೆ! ಎಲ್ಲರೂ ಸುಧಾರಿಸಿದರೆ ಯಾರೂ ಸುಧಾರಿಸಿಲ್ಲ ಅಂತಲೇ ಅರ್ಥ, ಅಲ್ವಾ? ಆವತ್ತಿನಿಂದ ಆ ವರ್ಷದ ಸರಾಸರಿ ಕಳೆದು, ಉಳಿದದ್ದನ್ನು ಮಾತ್ರ ಬಳಸುತ್ತೇನೆ. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ, ನನಗೆ ಹೊಳೆಯೋಕೆ ಪೂರ್ತಿ ಸೀಸನ್ ಬೇಕಾಯಿತು.

2022ರ ಸೆಪ್ಟೆಂಬರ್ 10ರ ಶನಿವಾರ ನಿಮಗೂ ನೆನಪಿರಬೇಕು. ಮಾರ್ಷಲ್ ನೋಟ್ರ್ ಡೇಮ್ ಅನ್ನು 26-21ರಲ್ಲಿ, ಅಪಲ್ಯಾಚಿಯನ್ ಸ್ಟೇಟ್ ಟೆಕ್ಸಸ್ ಎ ಅಂಡ್ ಎಂ ಅನ್ನು 17-14ರಲ್ಲಿ, ಜಾರ್ಜಿಯಾ ಸದರ್ನ್ ನೆಬ್ರಾಸ್ಕವನ್ನು 45-42ರಲ್ಲಿ ಸೋಲಿಸಿದವು. ಮೂರೂ ದೊಡ್ಡ ತಂಡಗಳು ತಾವೇ ದುಡ್ಡು ಕೊಟ್ಟು ಮನೆಗೆ ಕರೆಸಿಕೊಂಡ ಅತಿಥಿಗಳ ಕೈಯಲ್ಲಿ ಸೋತವು. ನೆಬ್ರಾಸ್ಕ ಮರುದಿನವೇ ಕೋಚ್ ಸ್ಕಾಟ್ ಫ್ರಾಸ್ಟ್ ಅವರನ್ನು ಮನೆಗೆ ಕಳಿಸಿತು. ನನ್ನ ಪೂಲ್‌ನಲ್ಲಿ ಮೂರಕ್ಕೂ ಉಲ್ಟಾ ಹೊಡೆದಿದ್ದೆ. ಆ ರಾತ್ರಿ ಕೂತು ನೋಡಿದಾಗ ಒಂದು ವಿಷಯ ಕಂಡಿತು. ಗೆದ್ದ ಮೂರೂ ತಂಡಗಳನ್ನು ನನ್ನ ಶೀಟ್ ಮೊದಲ ವಾರದ ಒಂದೇ ಪಂದ್ಯ ನೋಡಿ ತೂಗಿತ್ತು. ಅಪಲ್ಯಾಚಿಯನ್ ಸ್ಟೇಟ್ ಹಿಂದಿನ ವಾರ ನಾರ್ತ್ ಕೆರೊಲಿನಾ ಎದುರು 61 ಅಂಕ ಹೊಡೆದೂ 63 ಬಿಟ್ಟುಕೊಟ್ಟು ಸೋತಿತ್ತು. ಆ 63 ನೋಡಿ ನಾನು ಅದರ ಡಿಫೆನ್ಸನ್ನು ಪಾತಾಳಕ್ಕೆ ತಳ್ಳಿದ್ದೆ.

ನಮ್ಮಪ್ಪ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡಿದವರು. ಆ ಭಾನುವಾರ ಫೋನಿನಲ್ಲಿ ಸುಮ್ನೆ ಇದನ್ನೆಲ್ಲ ಹೇಳಿದೆ. "ಒಂದು ಚೀಲ ಬಿಚ್ಚಿ ನೋಡಿ ಇಡೀ ಲಾಟಿಗೆ ಬೆಲೆ ಕಟ್ಟಿದ್ಯಾ? ಯಾರ ತೋಟದ ಕಾಯಿ ಅಂತ ಕೇಳಲೇ ಇಲ್ವಾ?" ಅಂದರು. ಅಪ್ಪನಿಗೆ ಫುಟ್‌ಬಾಲ್ ಅಂದರೆ ಗುಂಡಗಿರುವ ಚೆಂಡು. ಆದರೂ ನನ್ನ ಶೀಟಿನ ತಪ್ಪು ಅವರಿಗೇ ಮೊದಲು ಕಂಡಿದ್ದು.

ಈಗಿನ ತೂಕ ಹೇಳುತ್ತೇನೆ. ಮೊದಲ ವಾರ ಮುಗಿದಾಗ ಈ ವರ್ಷದ ಆಟಕ್ಕೆ ಶೇಕಡಾ 10 ಮಾತ್ರ. ಎರಡನೇ ವಾರಕ್ಕೆ 18, ಮೂರಕ್ಕೆ 27, ನಾಲ್ಕಕ್ಕೆ 35ರ ಹತ್ತಿರ. ಅರ್ಧ ದಾಟುವುದು ಏಳನೇ ವಾರಕ್ಕೆ. ಉಳಿದದ್ದೆಲ್ಲ ಆಗಸ್ಟ್‌ನಲ್ಲಿ ಕಟ್ಟಿದ ಅಡಿಪಾಯ: ಮೂರು ವರ್ಷದ ರೇಟಿಂಗ್ (50, 30, 20 ಅಂತ ಹಂಚಿ), ರಿಕ್ರೂಟಿಂಗ್‌ನ ಟ್ಯಾಲೆಂಟ್ ಕಾಂಪೊಸಿಟ್ (ಆಟಗಾರರನ್ನು ಸೇರಿಸಿಕೊಂಡಾಗಿನ ಗುಣಮಟ್ಟದ ಒಟ್ಟು ಅಂಕ), ಸರಾಸರಿ ಕಳೆದ ರಿಟರ್ನಿಂಗ್ ಪ್ರೊಡಕ್ಷನ್, ಪೋರ್ಟಲ್‌ನಿಂದ (ಆಟಗಾರರು ಕಾಲೇಜು ಬದಲಿಸುವ ವ್ಯವಸ್ಥೆ) ಬಂದವರು. ಕೋಆರ್ಡಿನೇಟರ್ (ಆಟದ ಯೋಜನೆ ಮಾಡುವ ಸಹಾಯಕ ಕೋಚ್) ಬದಲಾದರೆ ಎಷ್ಟು ಕಳೆಯುತ್ತೇನೆ, ಯಾವ ದಿನ ಯಾವ ಗಂಟೆಗೆ ಬೆಟ್ ಹಾಕುತ್ತೇನೆ, ಇವೆರಡನ್ನು ಇಲ್ಲಿ ಬರೆಯೋದಿಲ್ಲ. ಅಷ್ಟು ನನ್ನ ಹತ್ತಿರವೇ ಇರಲಿ.

ಪೋರ್ಟಲ್ ಪಾಠಕ್ಕೆ ಜಾಸ್ತಿ ಫೀಸ್ ಕಟ್ಟಿದ್ದೇನೆ. 2023ರ ಜನವರಿ 1ರಿಂದ ಓಹಾಯೋದಲ್ಲಿ ಬೆಟ್ಟಿಂಗ್ ಶುರುವಾಯಿತು. 2,000 ಡಾಲರ್ ಬೇರೆಯೇ ಇಟ್ಟೆ. ಹೆಂಡತಿಯ ಷರತ್ತು ಒಂದೇ: "ರೀ, ಇದು ಖಾಲಿಯಾದರೆ ಮತ್ತೆ ಒಂದು ಡಾಲರೂ ಹಾಕೋ ಹಾಗಿಲ್ಲ." ಪ್ರತಿ ಬೆಟ್‌ಗೂ 55 ಕಟ್ಟಿ 50 ಗೆಲ್ಲುವ ಲೆಕ್ಕ. ಸೀಸನ್‌ನ ಮೊದಲ ಶನಿವಾರ ಕೊಲೊರಾಡೊ ಮತ್ತು ಟಿಸಿಯು. ಕೊಲೊರಾಡೊ ಹಿಂದಿನ ವರ್ಷ 1-11, ಅಂದರೆ ಒಂದು ಗೆಲುವು, ಹನ್ನೊಂದು ಸೋಲು. ಟಿಸಿಯು ರಾಷ್ಟ್ರೀಯ ಫೈನಲ್ ಆಡಿದ ತಂಡ. ಕೊಲೊರಾಡೊಗೆ ಡಿಯೋನ್ ಸ್ಯಾಂಡರ್ಸ್ ಕೋಚ್ ಆಗಿ ಬಂದು 80ಕ್ಕೂ ಹೆಚ್ಚು ಹೊಸ ಆಟಗಾರರನ್ನು ತಂದಿದ್ದರು. ನನ್ನ ಶೀಟ್‌ನಲ್ಲಿ ಹೊಸಬರೆಲ್ಲ ಸೊನ್ನೆ, ಏಕೆಂದರೆ ಹಳಬರನ್ನು ಮಾತ್ರ ಎಣಿಸುತ್ತಿದ್ದೆ. ಟಿಸಿಯು ಮೈನಸ್ 20.5 (ಅಂದರೆ ಕನಿಷ್ಠ 21 ಅಂಕದಿಂದ ಗೆದ್ದರೆ ಮಾತ್ರ ಬೆಟ್ ಗೆಲುವು; ಈ ಅಂತರಕ್ಕೇ ಲೈನ್ ಅನ್ನೋದು) ಕಡಿಮೆಯೇ ಆಯಿತು ಅಂತ ಎರಡು ಸಲ ಹಾಕಿದೆ. ಹೊಸಬರಲ್ಲೊಬ್ಬ, ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು) ಶೆಡೂರ್ ಸ್ಯಾಂಡರ್ಸ್ 510 ಗಜ ಎಸೆದ. ಕೊಲೊರಾಡೊ 45-42ರಲ್ಲಿ ಗೆದ್ದಿತು.

ಸೊನ್ನೆ ಅಂದುಕೊಂಡವನು 510 ಗಜ ಎಸೆದರೆ ತಪ್ಪು ಅವನದ್ದಲ್ಲ, ಶೀಟಿನದ್ದು. ಅವನು ಜಾಕ್ಸನ್ ಸ್ಟೇಟ್‌ನಲ್ಲಿ ಆಡಿದ ಆಟಕ್ಕೆ ಬೆಲೆ ಇತ್ತು, ನಾನು ಕೊಟ್ಟಿರಲಿಲ್ಲ. ಈಗ ಬಂದವರ ಹಳೆಯ ಆಟವನ್ನೂ ಎಣಿಸುತ್ತೇನೆ, ಹಳೆಯ ಲೀಗಿನ ಮಟ್ಟ ನೋಡಿ ಕಡಿತ ಮಾಡುತ್ತೇನೆ. ಕ್ವಾರ್ಟರ್‌ಬ್ಯಾಕ್, ರಿಸೀವರ್, ಕಾರ್ನರ್‌ಬ್ಯಾಕ್‌ಗಳಿಗೆ ಕಡಿತ ಕಡಿಮೆ. ಲೈನ್‌ಮನ್‌ಗಳಿಗೆ (ಮುಂದೆ ನಿಂತು ಎದುರಾಳಿಯನ್ನು ತಡೆಯುವವರು) ಜಾಸ್ತಿ, ಐದು ಜನ ಒಟ್ಟಿಗೆ ನಿಂತು ಅಭ್ಯಾಸ ಆಗಬೇಕಲ್ಲ. ಅದೇ ಕೊಲೊರಾಡೊ ಮೂರನೇ ವಾರ ಕೊಲೊರಾಡೊ ಸ್ಟೇಟ್ ಎದುರು ಎರಡು ಓವರ್‌ಟೈಮ್ ಆಡಿ 43-35ರಲ್ಲಿ ಹೇಗೋ ಗೆದ್ದಿತು. ನಾಲ್ಕನೇ ವಾರ ಆರೆಗನ್ ಕೈಯಲ್ಲಿ 42-6. ಲೈನ್‌ಮನ್ ಕಡಿತ ಮೊದಲೇ ಇದ್ದಿದ್ದರೆ ಈ ಎರಡೂ ನನ್ನವಾಗುತ್ತಿದ್ದವು. ಆ ಸೆಪ್ಟೆಂಬರ್ ಮುಗಿದಾಗ 61ಕ್ಕೆ 26 ಗೆಲುವು. 600 ಡಾಲರ್‌ಗೂ ಸ್ವಲ್ಪ ಮೇಲೆ ಹೋಗಿತ್ತು. ಸಿನ್ಸಿನಾಟಿಯಿಂದ ಫೋನ್ ಬಂತು. "ಹೇಳಿರಲಿಲ್ವಾ ಗುರು?"

ಲೈನ್‌ಮನ್ ಎಣಿಕೆಯನ್ನು ಈಗ ಕೈಯಿಂದಲೇ ಮಾಡುತ್ತೇನೆ. ಆನ್‌ಲೈನ್ ಡೇಟಾದಲ್ಲಿ ಸಿಗೋದು ನನಗೆ ಸಾಲೋದಿಲ್ಲ. ಆಗಸ್ಟ್ ಮೂರನೇ ವಾರ, ಮಕ್ಕಳು ಮಲಗಿದ ಮೇಲೆ ಊಟದ ಟೇಬಲ್ ಮೇಲೆ ಡೆಪ್ತ್ ಚಾರ್ಟ್ (ಯಾವ ಜಾಗಕ್ಕೆ ಯಾರು ಅನ್ನೋ ಪಟ್ಟಿ) ಪ್ರಿಂಟ್ ಹರಡಿಕೊಂಡು ಕೂರುತ್ತೇನೆ. ಎಡ ಟ್ಯಾಕಲ್‌ನಿಂದ ಬಲ ಟ್ಯಾಕಲ್‌ವರೆಗೆ ಐದು ಹೆಸರು. ಪ್ರತಿಯೊಬ್ಬನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಎಷ್ಟು ಪಂದ್ಯ ಶುರು ಮಾಡಿದ್ದಾನೆ ಅಂತ ಬರೆಯುತ್ತೇನೆ. ಇದೇ ತಂಡದಲ್ಲಿ ಆಡಿದ್ದಾದರೆ ಪೂರ್ತಿ, ಬೇರೆ ಕಡೆ ಆಡಿದ್ದಾದರೆ ಅರ್ಧ. ಆಮೇಲೆ ಹಳದಿ ಹೈಲೈಟರ್ ಹಿಡಿದು 'ಆರ್' ಹುಡುಕುತ್ತೇನೆ. ಇವನು ಅಥವಾ ಅವನು ಅಂತ ಕೋಚ್ ಎರಡು ಹೆಸರಿನ ನಡುವೆ ಹಾಕಿರುತ್ತಾರಲ್ಲ, ಆ 'ಆರ್'. ಡಿಫೆನ್ಸ್‌ನಲ್ಲಿದ್ದರೆ ತಲೆ ಕೆಡಿಸಿಕೊಳ್ಳೋದಿಲ್ಲ. ಅಲ್ಲಿ ಅದು ಆಟಗಾರರು ಜಾಸ್ತಿ ಇರುವ ಗುರುತೂ ಆಗಬಹುದು. ಸೆಂಟರ್ ಜಾಗದಲ್ಲಿ 'ಆರ್' ಇದ್ದರೆ ಒಂದು ಅಂಕ ಕಡಿತ. ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿದ್ದರೆ ಒಂದೂವರೆ. ಕೆಲವು ಕೋಚ್‌ಗಳು ಈಗ ಚಾರ್ಟನ್ನೇ ಕೊಡೋದಿಲ್ಲ. ಆಗ ಪ್ರಾಕ್ಟೀಸ್ ವರದಿಗಳಿಂದ ಹೆಕ್ಕಬೇಕು. ಒಂದು ತಂಡಕ್ಕೆ ಹತ್ತು ಹನ್ನೆರಡು ನಿಮಿಷ ಹಿಡಿಯುತ್ತದೆ. 2024ರಲ್ಲಿ ಮೇಲಿನ ದರ್ಜೆಯಲ್ಲಿ 134 ತಂಡ ಇದ್ದವು, ನೀವೇ ಲೆಕ್ಕ ಹಾಕಿ.

ಇದರ ಮೊದಲ ಫಲ ಸಿಕ್ಕಿದ್ದು 2024ರ ಆಗಸ್ಟ್ 24ರಂದು. ನಾನಿರುವುದು ಓಹಾಯೋದ ಡಬ್ಲಿನ್‌ನಲ್ಲಿ, ಪಂದ್ಯ ನಡೆದದ್ದು ಐರ್ಲೆಂಡಿನ ಡಬ್ಲಿನ್‌ನಲ್ಲಿ. ಫ್ಲೋರಿಡಾ ಸ್ಟೇಟ್ ಮತ್ತು ಜಾರ್ಜಿಯಾ ಟೆಕ್. ಫ್ಲೋರಿಡಾ ಸ್ಟೇಟ್ ಹಿಂದಿನ ವರ್ಷ ಸೀಸನ್ ಕೊನೆಯ ಬೌಲ್ ಪಂದ್ಯಕ್ಕೆ ಮುಂಚೆ 13-0, ಪಟ್ಟಿಯಲ್ಲಿ 10ನೇ ಸ್ಥಾನ, ಲೈನ್ ಹತ್ತರ ಮೇಲೆ. ಆದರೆ ಆ ತಂಡದಿಂದ 10 ಜನ ಎನ್‌ಎಫ್‌ಎಲ್ ಡ್ರಾಫ್ಟ್‌ಗೆ ಹೋಗಿದ್ದರು. ಕ್ವಾರ್ಟರ್‌ಬ್ಯಾಕ್ ಹೊಸಬ. ಆಚೆ ಕಡೆ ಹೇನ್ಸ್ ಕಿಂಗ್ ವಾಪಸ್ ಬಂದಿದ್ದ, ಅವನ ಮುಂದಿನ ಲೈನ್‌ಮನ್‌ಗಳಲ್ಲಿ ಹೆಚ್ಚಿನವರೂ ಹಳಬರೇ. ನನ್ನ ಶೀಟ್ ಬರೀ 4 ಅಂಕದ ಅಂತರ ಅಂದಿತು. ಟೆಕ್ ಮೇಲೆ ಹಾಕಿದೆ. ಕೊನೆಯ ಕ್ಷಣದಲ್ಲಿ ಟೆಕ್‌ನ ಏಡನ್ ಬಿರ್ 44 ಗಜದ ಫೀಲ್ಡ್ ಗೋಲ್ ಹೊಡೆದ, 24-21. ಫ್ಲೋರಿಡಾ ಸ್ಟೇಟ್ ಆ ವರ್ಷ 2-10ಕ್ಕೆ ಬಂದು ನಿಂತಿತು.

ಆದರೆ ನನಗೆ ಹೆಚ್ಚು ಖುಷಿ ಕೊಟ್ಟಿದ್ದು ಇದಲ್ಲ. ಸೆಪ್ಟೆಂಬರ್ 7ಕ್ಕೆ ನಾರ್ದರ್ನ್ ಇಲಿನಾಯ್ ನೋಟ್ರ್ ಡೇಮ್‌ಗೆ 16-14ರಲ್ಲಿ ಹೊಡೆಯಿತು. ನನ್ನ ಶೀಟ್ ಅದನ್ನು ಹಿಡಿದಿರಲಿಲ್ಲ, 25 ಅಂಕದ ಹತ್ತಿರ ನೋಟ್ರ್ ಡೇಮ್ ಕಡೆಗೇ ಇತ್ತು. ಎಲ್ಲರೂ ನೋಟ್ರ್ ಡೇಮ್ ಕಥೆ ಮುಗಿಯಿತು ಅಂದರು. ನಾನು ಸೂತ್ರದ ಪ್ರಕಾರ ಎರಡು ಅಂಕ ಇಳಿಸಿದೆ, ಅಷ್ಟೇ. ಕೈ ತುರಿಸುತ್ತಿತ್ತು, ಇನ್ನೂ ಇಳಿಸು ಅಂತ. ಇಳಿಸಲಿಲ್ಲ. ಮುಂದಿನ ವಾರ ಪರ್ಡ್ಯೂ ಎದುರು ಲೈನ್ ನನ್ನ ಅಂಕಿಗಿಂತ ತುಂಬಾ ಕೆಳಗಿತ್ತು. ನೋಟ್ರ್ ಡೇಮ್ ಮೇಲೆ ಹಾಕಿದೆ. 66-7! ಅತ್ತ 25ನೇ ಸ್ಥಾನಕ್ಕೆ ಏರಿದ್ದ ನಾರ್ದರ್ನ್ ಇಲಿನಾಯ್ ತನ್ನ ಮುಂದಿನ ಪಂದ್ಯದಲ್ಲೇ ಬಫಲೋಗೆ ಓವರ್‌ಟೈಮ್‌ನಲ್ಲಿ 23-20ರಲ್ಲಿ ಸೋತಿತು. ಅಲ್ಲಿ ಬಫಲೋ ಕಡೆ ಇದ್ದೆ. ದುಡ್ಡು ಇರೋದು ಮೊದಲ ವಾರದಲ್ಲಲ್ಲ, ಎರಡು ಮತ್ತು ಮೂರನೇ ವಾರದಲ್ಲಿ ಅಂತ ನಾನು ಹೇಳೋದು ಇದಕ್ಕೇ.

2025ರಲ್ಲೂ ಹಾಗೇ ಆಯಿತು. ಫ್ಲೋರಿಡಾ ಸ್ಟೇಟ್ ಅಲಬಾಮಾವನ್ನು 31-17ರಲ್ಲಿ ಸೋಲಿಸಿದಾಗ ನನ್ನ ಪಟ್ಟಿಯಲ್ಲಿ ಅಲಬಾಮಾ ಇನ್ನೂ ಮೇಲೇ ಇತ್ತು. ಗೆಳೆಯ ಇದನ್ನು ನೋಡಿ ನಕ್ಕ. ಸೆಪ್ಟೆಂಬರ್ ಕೊನೆಯ ವಾರ ಫ್ಲೋರಿಡಾ ಸ್ಟೇಟ್ ವರ್ಜಿನಿಯಾಗೆ ಸೋತಿತು, ಮರುದಿನ ಅಲಬಾಮಾ ಜಾರ್ಜಿಯಾವನ್ನು ಅದರ ಮನೆಯಲ್ಲೇ 24-21ರಲ್ಲಿ ಸೋಲಿಸಿತು. ಆಮೇಲೆ ಅವನು ನಗಲಿಲ್ಲ.

ಕೈಕೊಟ್ಟದ್ದನ್ನೂ ಹೇಳಬೇಕು. ಕ್ಲೆಮ್ಸನ್. 2025ರಲ್ಲಿ ಹಳಬರು ಅತಿ ಹೆಚ್ಚು ಉಳಿದ ತಂಡಗಳಲ್ಲಿ ಅದೂ ಒಂದು, ನನ್ನ ಶೀಟ್‌ಗೆ ಅಂಥದ್ದು ಕಂಡರೆ ಬಲು ಇಷ್ಟ. ಎಲ್‌ಎಸ್‌ಯುಗೆ 17-10ರಲ್ಲಿ ಸೋತಿತು. ಒಂದು ಚೀಲ ತಾನೇ ಅಂದುಕೊಂಡು ಮೂರನೇ ವಾರ ಅಟ್ಲಾಂಟಾದಲ್ಲಿ ಜಾರ್ಜಿಯಾ ಟೆಕ್ ಎದುರು ಮತ್ತೆ ಹಾಕಿದೆ. ಕೊನೆಯ ಕ್ಷಣ, ಅದೇ ಏಡನ್ ಬಿರ್, ಈ ಸಲ 55 ಗಜ. ಅಂಕವೂ ಅದೇ 24-21. ಐರ್ಲೆಂಡಿನಲ್ಲಿ ನನಗೆ ಕೊಟ್ಟ ಕಾಲು ಇಲ್ಲಿ ವಾಪಸ್ ಕಿತ್ತುಕೊಂಡಿತು. ಮೂರು ವಾರ ಒಂದೇ ದಿಕ್ಕಿಗೆ ತಪ್ಪಿದರೆ ತೂಕ ಬೇಗ ಬದಲಾಗಬೇಕು ಅಂತ ಈಗ ಒಂದು ಸಾಲು ಸೇರಿಸಿದ್ದೇನೆ. ಅದು ಸರಿಯೋ ಅಲ್ಲವೋ ಮುಂದಿನ ಸೆಪ್ಟೆಂಬರ್‌ಗೇ ತಿಳಿಯೋದು.

ನಡುವೆ ಒಂದಷ್ಟು ಬೇರೆ ಪ್ರಯೋಗವನ್ನೂ ಮಾಡಿದೆ. 2023ರಲ್ಲಿ ಫಸ್ಟ್ ಡೌನ್ ಆದಾಗ ಗಡಿಯಾರ ನಿಲ್ಲಿಸುವುದನ್ನು ಬಹುತೇಕ ಬಿಟ್ಟರಲ್ಲ, ಆಗ ಮೊದಲ ಎರಡು ವಾರ ಒಟ್ಟು ಅಂಕ ಕಡಿಮೆ ಬರುತ್ತದೆ ಅಂತ ಅಂಡರ್ ಮೇಲೆ ಹಾಕಿದೆ. ಸ್ವಲ್ಪ ಬಂತು, ಆಮೇಲೆ ಲೈನ್‌ಗಳು ಹೊಂದಿಕೊಂಡವು. ಆರ್ಮಿ, ನೇವಿ ತರಹ ಚೆಂಡು ಹಿಡಿದು ಓಡಿಯೇ ಹೆಚ್ಚು ಆಡುವ ಆಪ್ಶನ್ ತಂಡಗಳ ಎದುರಾಳಿಗೆ ಬೇಸಿಗೆಯಿಡೀ ತಯಾರಿಗೆ ಸಮಯ ಸಿಗುತ್ತದೆ ಅಂತ ಒಂದು ಅಂಕ ಕೊಟ್ಟು ನೋಡಿದೆ, ಏನೂ ಕಾಣಲಿಲ್ಲ, ತೆಗೆದೆ. 2025ರ ಐಪಿಎಲ್‌ಗೂ ಇದನ್ನೇ ಹಾಕಿ ನೋಡಿದೆ, ದುಡ್ಡಿಲ್ಲದೆ, ಕಾಗದದ ಮೇಲೆ. ಮೆಗಾ ಹರಾಜು ಪೋರ್ಟಲ್ ತರಹವೇ ಅಲ್ವಾ ಅಂತ. ಬರೀ ಹತ್ತು ತಂಡ, ಎಲ್ಲವೂ ಹೆಚ್ಚುಕಡಿಮೆ ಒಂದೇ ಮಟ್ಟ. ಶೀಟ್ ಎಲ್ಲ ಪಂದ್ಯಕ್ಕೂ ಐವತ್ತು-ಐವತ್ತು ಅಂದಿತು. ಆರ್‌ಸಿಬಿ ಕಪ್ ಗೆಲ್ಲುತ್ತದೆ ಅಂತ ನನ್ನ ಮನಸ್ಸು ಹೇಳಿತ್ತು, ಶೀಟ್ ಹೇಳಿರಲಿಲ್ಲ.

ದುಡ್ಡಿನ ಲೆಕ್ಕ: 2024ರಿಂದ 110 ಕಟ್ಟಿ 100 ಗೆಲ್ಲುವ ಮಟ್ಟಕ್ಕೆ ಏರಿಸಿದೆ. ಮೊದಲ ವರ್ಷ ಸುಮಾರು 760 ಉಳಿಯಿತು, ಎರಡನೇ ವರ್ಷ 520. 2023ರ ನಷ್ಟ ಕಳೆದರೆ ಕೈಯಲ್ಲಿ 650ರ ಆಸುಪಾಸು. 2024ರ ಪೂಲ್ ಗೆದ್ದದ್ದಕ್ಕೆ 500 ಬೇರೆ. ಡೇಟಾ ಚಂದಾ, ಪ್ರಿಂಟರ್ ಇಂಕ್ ಕಳೆಯಿರಿ. ಗಂಟೆಗೆ ಇಷ್ಟು ಅಂತ ನೋಡಿದರೆ ಕೂಲಿಯೂ ಗಿಟ್ಟೋದಿಲ್ಲ, ಆದರೆ ಆ 2,000 ಖಾಲಿಯಾಗಲಿಲ್ಲ. ಒಂದು ಬೆಟ್ಟಿಂಗ್ ಕಂಪನಿ ಕಳೆದ ಅಕ್ಟೋಬರ್‌ನಲ್ಲಿ ನನ್ನ ಖಾತೆಗೆ ಮಿತಿ ಹಾಕಿತು. ಈಗ ಅಲ್ಲಿ ಒಂದು ಪಂದ್ಯಕ್ಕೆ 20 ಡಾಲರ್ ಕೂಡ ತೆಗೆದುಕೊಳ್ಳೋದಿಲ್ಲ. ಹೆಂಡತಿ ಅದರ ಸ್ಕ್ರೀನ್‌ಶಾಟ್ ಉಳಿಸಿಕೊಂಡಿದ್ದಾಳೆ.

2026ರ ಕೆಲಸ ಶುರುವಾಗಿದೆ. ಪೋರ್ಟಲ್ ಈ ಸಲ ಜನವರಿಯಲ್ಲಿ ಒಂದೇ ಸಲ ತೆರೆದು ಮುಚ್ಚಿತು, ವಸಂತದ ಕಿಟಕಿ ಇಲ್ಲ. ಹಾಗಾಗಿ ಲೈನ್‌ಮನ್ ಎಣಿಕೆಯನ್ನು ಆಗಸ್ಟ್‌ವರೆಗೆ ಕಾಯದೆ ಹಿಡಿದಿದ್ದೇನೆ. ಬಿಗ್ ಟೆನ್ ಮುಗಿದಿದೆ, ಎಸ್‌ಇಸಿ ಲೀಗ್ ಅರ್ಧ ಆಗಿದೆ. ಕಳೆದ ವಾರ ಸಿನ್ಸಿನಾಟಿಯಿಂದ ಫೋನ್ ಬಂದಿತ್ತು. "ಗುರು, ಆ ಶೀಟ್ ಒಂಚೂರು ಕಳಿಸ್ತೀಯಾ?" ಕಳಿಸಿದ್ದೇನೆ, ಎರಡು ಕಾಲಂ ತೆಗೆದು.