ಟೇಪ್‌ಗೆ ಬರೆಯೋಕ್ಕಿಂತ ಮೊದಲು ಡಿವೈಸ್ ಹೆಸರು ನೋಡ್ರಿ

ಬೆಳಗಾವಿ, ಬಾಗಲಕೋಟೆ ಕಡೆ ಬ್ಯಾಂಕು, ಸಕ್ಕರೆ ಕಾರ್ಖಾನೆ ಸರ್ವರ್ ನೋಡಿಕೊಳ್ಳೋರಿಗೆ ಈ ಸಲಹೆ. ಲಿನಕ್ಸ್‌ನ್ಯಾಗ ಒಂದೇ ಟೇಪ್ ಡ್ರೈವ್‌ಗೆ ಎರಡು ಹೆಸರು. ಎಸ್‌ಟಿ0 ಕೊಟ್ರ ಕೆಲಸ ಮುಗಿದ ಕೂಡಲೇ ಟೇಪ್ ತಾನೇ ಹಿಂದಕ್ಕ ಸುತ್ತತೈತಿ. ಮುಂದಿನ ಟಾರ್ (ಫೈಲುಗಳನ್ನ ಒಟ್ಟಿಗೆ ಕಟ್ಟಿ ಟೇಪಿಗೆ ಬರೆಯೋ ಕಮಾಂಡ್) ಹಳೇ ಬ್ಯಾಕಪ್ ಮ್ಯಾಲೇ ಬರೀತೈತಿ, ಎರರ್ ಸುದ್ದಾ ಬರೂದಿಲ್ಲ. ಎನ್‌ಎಸ್‌ಟಿ0 ಕೊಟ್ರ ಟೇಪ್ ನಿಂತಲ್ಲೇ ಇರತೈತಿ. ಅದನ್ನೇ ಬಳಸ್ರಿ.

ಹೊಸ ಬ್ಯಾಕಪ್ ಸೇರಿಸೂಮುಂದ ಟೇಪ್ ಓಡಿಸೋ ‘ಎಂಟಿ’ ಕಮಾಂಡಿಗೆ ‘ಇಒಡಿ’ ಕೊಟ್ಟು ಡೇಟಾದ ತುದಿಗೆ ಹೋಗ್ರಿ, ‘ಸ್ಟೇಟಸ್’ ಹಾಕಿ ಫೈಲ್ ನಂಬರ್ ನೋಡ್ರಿ. ಎಣಿಕೆ 0ಯಿಂದ ಶುರು. ಮೂರನೇ ಬ್ಯಾಕಪ್ ಬೇಕಂದ್ರ ‘ರಿವೈಂಡ್’ ಮಾಡಿ ‘ಎಫ್‌ಎಸ್‌ಎಫ್ 2’ (ಎರಡು ಫೈಲ್ ದಾಟಿ ಮುಂದಕ್ಕ ಹೋಗು ಅಂತ) ಕೊಡಬೇಕು, 3 ಅಲ್ಲ.

ಓದೂಮುಂದ ಟಾರ್ ‘ಮೆಮೊರಿ ಸಾಲದು’ ಅನ್ನೋ ಅರ್ಥದ ಎರರ್ ಕೊಟ್ರ ಹೊಸ ರ‍್ಯಾಮ್ ತರಾಕ ಓಡಬ್ಯಾಡ್ರಿ. ಬಹಳ ಸಲ ಅದು ಬ್ಲಾಕ್ ಅಳತೆ (ಒಂದು ಸಲಕ್ಕ ಬರೆಯೋ ಅಥವಾ ಓದೋ ಡೇಟಾದ ಗಾತ್ರ) ಹೊಂದದ್ದರ ತಕರಾರು. ಟಾರ್ ತಾನಾಗಿ 512 ಬೈಟಿನ 20 ಬ್ಲಾಕ್, ಅಂದ್ರ 10,240 ಬೈಟ್ ಹಿಡೀತೈತಿ. ಬರೆಯೂಮುಂದ ‘-ಬಿ 128’ ಕೊಟ್ಟಿದ್ರ ಓದೂಮುಂದನೂ ಅದನ್ನೇ ಕೊಡ್ರಿ. ಆ ಅಂಕಿಯನ್ನ ಕಾರ್ಟ್ರಿಜ್ ಲೇಬಲ್ ಮ್ಯಾಲೆ ಪೆನ್ನಿಂದ ಬರೆದಿಡ್ರಿ.

ಟೇಪ್ ಹೊರಗ ತೆಗೆಯಾಕ ‘ಎಂಟಿ’ಗೆ ‘ಆಫ್‌ಲೈನ್’. ‘ಬಿಜಿ’ (ಡ್ರೈವ್ ಬಳಕೆಯಾಗ ಐತಿ) ಅಂತ ಎರರ್ ಬಂದ್ರ ‘ಫ್ಯೂಸರ್ -ವಿ’ ಹಾಕಿ ಯಾವ ಪ್ರೋಗ್ರಾಂ ಹಿಡಕೊಂಡೈತಿ ನೋಡ್ರಿ. ಪೆನ್‌ಡ್ರೈವ್‌ಗೂ ಇದೇ ಮಾತು: ಕಾಪಿ ಮುಗೀತು ಅಂತ ಕಂಡ್ರೂ ‘ಯುಮೌಂಟ್’ (ಡ್ರೈವ್‌ನ್ನ ಸಿಸ್ಟಮ್‌ನಿಂದ ಬಿಡಿಸೋ ಕಮಾಂಡ್) ಮುಗಿಯೂತನಕ ಕೀಳಬ್ಯಾಡ್ರಿ.